ಕಾಯುತ್ತಿರುವ ಸರಕು

ಕಾರ್ಖಾನೆ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಸದ್ದು. ತಿರುಗುವ ಚಕ್ರ, ಕಿಡಿ ಹಾರಿಸುವ ಕಬ್ಬಿಣ, ಎಣ್ಣೆ ಮೆತ್ತಿದ ನೀಲಿ ಅಂಗಿ, ಪಾಳಿ ಮುಗಿದಾಗ ಕೂಗುವ ಸೈರನ್ನು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬೆಂಗಳೂರಿನ ಪೀಣ್ಯದಲ್ಲಿ ಇಂಥ ಸದ್ದಿನ ನಡುವೆ ಸಂಬಳ ಪಡೆದ ನಾನು ಈ ಹೊತ್ತು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಸದ್ದೇ ಮಾಡದ ಒಂದು ಸಂಗತಿಯನ್ನು ಕುರಿತು. ಕಾರ್ಖಾನೆಯೊಳಗೆ ಸುಮ್ಮನೆ ನಿಂತಿರುವ ಸರಕನ್ನು ಕುರಿತು. ಅದು ಏಕೆ ನಿಂತಿದೆ, ಎಷ್ಟು ದಿನದಿಂದ ನಿಂತಿದೆ, ಅದನ್ನು ನಿಲ್ಲಿಸಿದವರು ಯಾರು ಎಂಬುದನ್ನು ಒಂದು ಹಾಳೆ ಕಾಗದ, ಒಂದು ಪೆನ್ಸಿಲು ಹಿಡಿದು ಕಂಡುಕೊಳ್ಳುವ ವಿದ್ಯೆಯೊಂದಿದೆ. ಇಂಗ್ಲಿಷಿನಲ್ಲಿ ಅದಕ್ಕೆ 'ವ್ಯಾಲ್ಯೂ ಸ್ಟ್ರೀಮ್ ಮ್ಯಾಪಿಂಗ್' ಎಂದು ಹೆಸರು. ನಾವು ಅದನ್ನು ಮೌಲ್ಯಪ್ರವಾಹದ ನಕ್ಷೆ ಎಂದು ಕರೆಯಬಹುದು. ಪ್ರವಾಹವೆಂದರೆ ಇಲ್ಲಿ ನೆರೆಯಲ್ಲ, ಹರಿವು. ಹೆಸರು ಭಾರವಾಯಿತೆಂದು ಹೆದರಬೇಕಾಗಿಲ್ಲ; ವಿದ್ಯೆ ಸರಳವಾದದ್ದೇ. ಅದು ತೋರಿಸುವ ಸತ್ಯವನ್ನು ಒಪ್ಪಿಕೊಳ್ಳುವುದು ಮಾತ್ರ ಅಷ್ಟು ಸರಳವಲ್ಲ. ಅದನ್ನು ನನ್ನ ಅನುಭವದಿಂದಲೇ ಮುಂದೆ ಹೇಳುವವನಿದ್ದೇನೆ.

ಒಂದು ಉದಾಹರಣೆಯಿಂದ ತೊಡಗೋಣ. 1996ರಲ್ಲಿ ಜೇಮ್ಸ್ ವೊಮ್ಯಾಕ್ ಮತ್ತು ಡೇನಿಯಲ್ ಜೋನ್ಸ್ ಎಂಬಿಬ್ಬರು 'ಲೀನ್ ಥಿಂಕಿಂಗ್' ಎಂಬ ಪುಸ್ತಕ ಬರೆದರು. ಅದರಲ್ಲಿ ಅವರು ಇಂಗ್ಲೆಂಡಿನ ಅಂಗಡಿಯಲ್ಲಿ ಮಾರಾಟವಾಗುವ ಕೋಲಾ ಪಾನೀಯದ ಡಬ್ಬಿಯೊಂದರ ಬೆನ್ನು ಹತ್ತಿ ಹೋಗುತ್ತಾರೆ. ಡಬ್ಬಿಯ ಹುಟ್ಟು ಆಸ್ಟ್ರೇಲಿಯದ ಬಾಕ್ಸೈಟ್ ಗಣಿಯಲ್ಲಿ. ಅದಿರು ಪುಡಿಯಾಗಿ, ಹಡಗು ಹತ್ತಿ, ಉತ್ತರ ಯೂರೋಪಿಗೆ ಬಂದು ಅಲ್ಯೂಮಿನಿಯಂ ಆಗಿ, ಲಟ್ಟಿಸಿಕೊಂಡು ಹಾಳೆಯಾಗಿ, ಕೊನೆಗೆ ಡಬ್ಬಿಯಾಗಿ, ಪಾನೀಯ ತುಂಬಿಸಿಕೊಂಡು, ಅಂಗಡಿಯ ಹಲಗೆಯೇರಿ, ಗಿರಾಕಿಯ ಮನೆಯಲ್ಲಿ ಬರಿದಾಗುವ ಹೊತ್ತಿಗೆ 319 ದಿನಗಳು ಕಳೆದಿರುತ್ತವೆ. ಈ 319 ದಿನಗಳಲ್ಲಿ ಅದರ ಮೇಲೆ ನಿಜವಾಗಿ ಕೆಲಸ ನಡೆದದ್ದು ಸುಮಾರು ಮೂರು ಗಂಟೆ. ಉಳಿದ ಕಾಲವೆಲ್ಲ ಗೋದಾಮಿನಲ್ಲಿ, ಬಂದರಿನಲ್ಲಿ, ಹಡಗಿನಲ್ಲಿ, ಯಂತ್ರದ ಮುಂದಿನ ರಾಶಿಯಲ್ಲಿ ತನ್ನ ಸರದಿಗಾಗಿ ಕಾದದ್ದು, ಇಲ್ಲವೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿದ್ದು.

ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ 319 ದಿನಗಳಲ್ಲಿ ಸೋಮಾರಿಯಾಗಿ ಕುಳಿತವರು ಯಾರೂ ಇಲ್ಲ. ಗಣಿಯವನು ದುಡಿದಿದ್ದಾನೆ, ಕುಲುಮೆಯವನು ದುಡಿದಿದ್ದಾನೆ, ಲಾರಿಯವನು ನಿದ್ದೆಗೆಟ್ಟು ಓಡಿಸಿದ್ದಾನೆ. ಮನುಷ್ಯರೂ ಯಂತ್ರಗಳೂ ಬಿಡುವಿಲ್ಲದೆ ದುಡಿಯುತ್ತಿರುವಾಗಲೇ ಸರಕು ಮಾತ್ರ ಸುಮ್ಮನೆ ಮಲಗಿರುತ್ತದೆ. ನಮ್ಮ ಕಚೇರಿಗಳಲ್ಲಿ ಅರ್ಜಿ ಹಾಕಿ ಕಾದವರಿಗೆ ಇದು ಹೊಸ ಮಾತಲ್ಲ. ಗುಮಾಸ್ತರಿಂದ ಹಿಡಿದು ಸಾಹೇಬರವರೆಗೆ ಎಲ್ಲರ ಮೇಜಿನ ಮೇಲೂ ಕಡತಗಳ ಗುಡ್ಡ, ಯಾರಿಗೂ ತಲೆಯೆತ್ತಲು ಪುರಸೊತ್ತಿಲ್ಲ. ನಮ್ಮ ಕಡತಕ್ಕೆ ಬೇಕಾದದ್ದು ಅರ್ಧ ನಿಮಿಷದ ಸಹಿ. ಅದು ಬರುವುದು ಮೂರನೆಯ ತಿಂಗಳಿಗೆ. ನಾವು ಬೈಯುವುದು ಗುಮಾಸ್ತರನ್ನು. ಅವರಾದರೋ ಬೆಳಗಿನಿಂದ ಸಂಜೆಯವರೆಗೆ ಬರೆಯುತ್ತಲೇ ಇದ್ದಾರೆ.

ದುಡಿಯುವವನನ್ನು ನೋಡುವುದನ್ನು ಬಿಟ್ಟು, ಕಾಯುವ ವಸ್ತುವನ್ನು ನೋಡಿರೆಂದು ಕಲಿಸಿದವರಲ್ಲಿ ಜಪಾನಿನ ಟೊಯೋಟಾ ಕಾರ್ಖಾನೆಯವರು ಮುಖ್ಯರು. ಆ ಮನೆತನದ ಮೂಲ ಕಸುಬು ಮಗ್ಗ. ಸಾಕಿಚಿ ಟೊಯೋಡಾ ಎಂಬಾತ ನೂಲು ಕಡಿದೊಡನೆ ತಾನೇ ನಿಂತುಬಿಡುವ ಮಗ್ಗವನ್ನು ರೂಪಿಸಿ ಹೆಸರಾದವನು. 1924ರ ಹೊತ್ತಿಗೆ ಸಿದ್ಧವಾದ ಅವನ ಸ್ವಯಂಚಾಲಿತ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕೊಂಡುಕೊಂಡಿತು. ಈ ನೂಲಿನ ಗಿರಣಿಯಲ್ಲೇ 1932ರಲ್ಲಿ ಕೆಲಸಕ್ಕೆ ಸೇರಿ, 1943ರಲ್ಲಿ ಮೋಟಾರು ಕಾರ್ಖಾನೆಗೆ ಬಂದವನು ತಾಯಿಚಿ ಓನೋ. ಯುದ್ಧ ಸೋತ ಜಪಾನಿನಲ್ಲಿ ಹಣವೂ ಇರಲಿಲ್ಲ, ಸ್ಥಳವೂ ಇರಲಿಲ್ಲ. ಅಮೆರಿಕದವರಂತೆ ಒಂದೇ ಬಗೆಯ ಭಾಗವನ್ನು ಲಕ್ಷಗಟ್ಟಲೆ ಒತ್ತಿ ರಾಶಿ ಹಾಕುವ ಐಶ್ವರ್ಯ ಅವರದಲ್ಲ. ಆದ್ದರಿಂದ ಓನೋ ತಲೆಕೆಳಗಾಗಿ ಯೋಚಿಸಿದ. ಅಮೆರಿಕದ ಸೂಪರ್‌ಮಾರ್ಕೆಟ್ಟಿನಲ್ಲಿ ಗಿರಾಕಿ ಎಷ್ಟು ತೆಗೆದುಕೊಂಡನೋ ಅಷ್ಟನ್ನು ಮಾತ್ರ ಅಂಗಡಿಯವನು ಹಲಗೆಯ ಮೇಲೆ ತುಂಬಿಸುತ್ತಾನಲ್ಲವೆ? ಹಾಗೆಯೇ ಮುಂದಿನ ಯಂತ್ರದವನು ಎಷ್ಟು ತೆಗೆದುಕೊಂಡನೋ ಅಷ್ಟನ್ನು ಮಾತ್ರ ಹಿಂದಿನವನು ಮಾಡಲಿ ಎಂದ. ತೆಗೆದುಕೊಂಡುದರ ಗುರುತಿಗೆ ಒಂದು ಚೀಟಿ ಹಿಂದಕ್ಕೆ ಬರುತ್ತದೆ. ಅದೇ 'ಕಾನ್‌ಬಾನ್'.

ಈ ಜನ ಮೂರು ಶತ್ರುಗಳನ್ನು ಹೆಸರಿಸುತ್ತಾರೆ: ಮುದ, ಮುರ, ಮುರಿ. ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು. ನಮ್ಮ ಮುದ ಸಂತೋಷ. ಅವರ ಮುದ ವ್ಯರ್ಥ, ದಂಡ. ಮುರ ನಮಗೆ ಕೃಷ್ಣ ಕೊಂದ ರಾಕ್ಷಸ. ಅವರಿಗೆ ಏರುಪೇರು, ಒಂದು ದಿನ ಮೈಮುರಿಯುವ ಕೆಲಸ, ಇನ್ನೊಂದು ದಿನ ಕೈಕಟ್ಟಿ ಕೂರುವ ಪಾಡು. ಮುರಿಯೆಂದರೆ ಮನುಷ್ಯನ ಮೇಲೋ ಯಂತ್ರದ ಮೇಲೋ ಶಕ್ತಿಮೀರಿ ಹೊರಿಸುವ ಹೊರೆ. ಇದೊಂದರಲ್ಲಿ ಮಾತ್ರ ಕನ್ನಡ ಜಪಾನಿಗಳೆರಡೂ ಆಕಸ್ಮಿಕವಾಗಿ ಕೈಹಿಡಿದಿವೆ. ಹೊರೆ ಮೀರಿದರೆ ಮುರಿಯದೆ ಇನ್ನೇನು?

ಈ ಪದ್ಧತಿಗೆ 'ಲೀನ್' ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟವರು ಜಪಾನೀಯರಲ್ಲ. 1988ರಲ್ಲಿ ಜಾನ್ ಕ್ರಾಫ್ಚಿಕ್ ಎಂಬ ಅಮೆರಿಕನ್ ತನ್ನ ಲೇಖನವೊಂದರಲ್ಲಿ ಆ ಮಾತನ್ನು ಬಳಸಿದ. ಕೊಬ್ಬಿಲ್ಲದ, ಮೈಕರಗಿಸಿದ ಎಂದು ಅರ್ಥ. ಅನಂತರ, 1998ರಲ್ಲಿ, ಮೈಕ್ ರಾಥರ್ ಮತ್ತು ಜಪಾನಿನ ಟೊಯೋಟಾದಲ್ಲಿಯೇ ಕೆಲಸ ಮಾಡಿ ಬಂದಿದ್ದ ಜಾನ್ ಶುಕ್ ಇಬ್ಬರೂ ಸೇರಿ 'ಲರ್ನಿಂಗ್ ಟು ಸೀ', ಎಂದರೆ ನೋಡಲು ಕಲಿಯುವುದು, ಎಂಬ ತೆಳ್ಳನೆಯ ಪುಸ್ತಕ ಬರೆದರು. ಟೊಯೋಟಾದವರು ತಮ್ಮೊಳಗೆ ಸರಕು ಮತ್ತು ಸುದ್ದಿ ಎರಡರ ಹರಿವನ್ನೂ ತೋರಿಸಲು ಬಳಸುತ್ತಿದ್ದ ಚಿತ್ರವನ್ನೇ ಅವರು ಲೋಕಕ್ಕೆ ಕಲಿಸಿಕೊಟ್ಟರು.

ರೇಡಿಯೋದಲ್ಲಿ ಚಿತ್ರ ತೋರಿಸಲು ಬಾರದು. ಆದ್ದರಿಂದ ನೀವೇ ಮನಸ್ಸಿನಲ್ಲಿ ಒಂದು ದೊಡ್ಡ ಹಾಳೆಯನ್ನು ಹರಡಿಕೊಳ್ಳಬೇಕು. ಆ ಪುಸ್ತಕದಲ್ಲಿ ಬರುವ ಕಲ್ಪಿತ ಕಾರ್ಖಾನೆಯನ್ನೇ ತೆಗೆದುಕೊಳ್ಳೋಣ. ಕಾರಿನ ಸ್ಟಿಯರಿಂಗಿಗೆ ಬೇಕಾದ ಉಕ್ಕಿನ ಬ್ರಾಕೆಟ್ಟುಗಳನ್ನು ಅಲ್ಲಿ ಮಾಡುತ್ತಾರೆ. ಗಿರಾಕಿಗೆ ತಿಂಗಳಿಗೆ ಬೇಕಾದದ್ದು ಎಡಗೈ ಬಗೆಯವು 12,000, ಬಲಗೈ ಬಗೆಯವು 6,400, ಒಟ್ಟು 18,400. ಹಾಳೆಯ ಬಲತುದಿಯಲ್ಲಿ ಮೇಲೆ ಗಿರಾಕಿಯನ್ನು ಬರೆಯಿರಿ, ಎಡತುದಿಯಲ್ಲಿ ಮೇಲೆ ಉಕ್ಕಿನ ಸುರುಳಿ ಕಳಿಸುವ ವರ್ತಕನನ್ನು. ನಡುವೆ ಕೆಳಗಡೆ ಸಾಲಾಗಿ ಐದು ಪೆಟ್ಟಿಗೆಗಳು: ಉಕ್ಕನ್ನು ಒತ್ತಿ ಕತ್ತರಿಸುವ ಪ್ರೆಸ್ಸು, ಬೆಸುಗೆ ಒಂದು, ಬೆಸುಗೆ ಎರಡು, ಜೋಡಣೆ ಒಂದು, ಜೋಡಣೆ ಎರಡು. ಒಂದೊಂದು ಪೆಟ್ಟಿಗೆಯ ಅಡಿಯಲ್ಲಿ ಒಂದು ಬ್ರಾಕೆಟ್ಟಿಗೆ ಅಲ್ಲಿ ಹಿಡಿಯುವ ಕಾಲ. ಪ್ರೆಸ್ಸಿನಲ್ಲಿ 1 ಸೆಕೆಂಡು, ಮುಂದೆ ಕ್ರಮವಾಗಿ 39, 46, 62, 40. ಕೂಡಿದರೆ 188 ಸೆಕೆಂಡು. ಮೂರು ನಿಮಿಷಕ್ಕೆ ತುಸು ಹೆಚ್ಚು.

ಇಲ್ಲಿಯವರೆಗಿನದನ್ನು ಯಾವ ಕಾರ್ಖಾನೆಯ ಗುಮಾಸ್ತನಾದರೂ ಕುರ್ಚಿಯಿಂದೇಳದೆ ಬರೆದುಕೊಟ್ಟಾನು. ಮುಂದಿನದಕ್ಕೆ ಮಾತ್ರ ಎದ್ದು ನಡೆಯಬೇಕು. ಪೆಟ್ಟಿಗೆ ಪೆಟ್ಟಿಗೆಗಳ ನಡುವೆ ರಾಶಿ ಬಿದ್ದಿರುವುದನ್ನು ಕೈಯಿಂದ ಎಣಿಸಿ, ಒಂದೊಂದು ರಾಶಿಗೆ ಒಂದೊಂದು ತ್ರಿಕೋನ ಬರೆಯಬೇಕು. ನಮ್ಮ ಈ ಉದಾಹರಣೆಯಲ್ಲಿ ಪ್ರೆಸ್ಸಿನಿಂದ ಬಂದು ಬೆಸುಗೆಗಾಗಿ ಕಾಯುತ್ತಿರುವವು ಎಡ ಬಲ ಸೇರಿ 7,000. ಗಿರಾಕಿಗೆ ದಿನಕ್ಕೆ ಬೇಕಾದದ್ದು 920. ಎಂದರೆ ಅದು 7.6 ದಿನದ ರಾಶಿ. ಇಂದು ಪ್ರೆಸ್ಸಿನಿಂದ ಹೊರಬಿದ್ದ ಬ್ರಾಕೆಟ್ಟಿಗೆ ಬೆಸುಗೆಯ ಕಿಡಿ ತಗಲುವುದು ಎಂಟನೆಯ ದಿನ. ಇನ್ನೂ ಪ್ರೆಸ್ಸನ್ನೇ ಕಾಣದ ಉಕ್ಕಿನ ಸುರುಳಿ 5 ದಿನದ್ದು, ಎರಡು ಬೆಸುಗೆಗಳ ನಡುವೆ 1.8 ದಿನದ್ದು, ಆಮೇಲೆ 2.7, ಆಮೇಲೆ 2, ಕೊನೆಗೆ ಸಿದ್ಧವಾಗಿ ಲಾರಿಗಾಗಿ ಕಾಯುವುದು 4.5 ದಿನದ್ದು. ಹಾಳೆಯ ತಳದಲ್ಲಿ ಕೋಟೆಯ ತೆನೆಗಳಂತೆ ಏರಿಳಿಯುವ ಒಂದು ಗೆರೆ ಎಳೆದು, ಏರಿನ ಮೇಲೆ ಕಾದ ದಿನಗಳನ್ನೂ ತಗ್ಗಿನಲ್ಲಿ ಕೆಲಸದ ಸೆಕೆಂಡುಗಳನ್ನೂ ಬರೆದರೆ ಲೆಕ್ಕ ಮುಗಿಯಿತು. ಕಾದದ್ದು 23.6 ದಿನ; ಕೆಲಸ ನಡೆದದ್ದು 188 ಸೆಕೆಂಡು. ದಿನಕ್ಕೆ ಎರಡು ಪಾಳಿಯ ದುಡಿಮೆಯ ಕಾಲವನ್ನಷ್ಟೇ ಹಿಡಿದು ಗುಣಿಸಿದರೂ, ಕೆಲಸದ ಕಾಲ ಸುಮಾರು ಏಳು ಸಾವಿರದಲ್ಲಿ ಒಂದು ಪಾಲು.

ನಕ್ಷೆ ಇನ್ನೂ ಮುಗಿದಿಲ್ಲ. ಅದರ ಮೇಲರ್ಧ ಬರಿದಾಗಿದೆ. ಅಲ್ಲಿ ಬರೆಯಬೇಕಾದದ್ದು ಸುದ್ದಿಯ ಹರಿವು: ಯಾರು ಯಾರಿಗೆ ಏನು ಮಾಡೆಂದು ಹೇಳುತ್ತಾರೆ ಎಂಬುದು. ಗಿರಾಕಿಯಿಂದ ಬೇಡಿಕೆಯ ಅಂದಾಜು ಬಂದು ಯೋಜನಾ ವಿಭಾಗಕ್ಕೆ ತಲಪುತ್ತದೆ. ಅಲ್ಲಿಯ ಕಂಪ್ಯೂಟರು ಅದನ್ನು ಅರೆದು, ವಾರಕ್ಕೊಮ್ಮೆ ಒಂದೊಂದು ಪೆಟ್ಟಿಗೆಗೂ ಬೇರೆ ಬೇರೆ ಕಾಗದ ಕಳಿಸುತ್ತದೆ. ಪ್ರೆಸ್ಸಿನವನಿಗೆ ಅವನದು, ಬೆಸುಗೆಯವನಿಗೆ ಅವನದು. ಮುಂದಿನವನಿಗೆ ಬೇಕೋ ಬೇಡವೋ ನೋಡುವ ಹಂಗಿಲ್ಲದೆ ಒಬ್ಬೊಬ್ಬನೂ ತನ್ನ ಕಾಗದದಂತೆ ಮಾಡಿ ಮುಂದಕ್ಕೆ ದಬ್ಬುತ್ತಾನೆ. ಮೇಲಿನಿಂದ ಇಳಿಯುವ ಆ ಬಾಣಗುರುತುಗಳನ್ನು ಬರೆದಾಗ ತ್ರಿಕೋನಗಳು ಏಕೆ ಹುಟ್ಟಿದವೆಂಬುದು ತಾನಾಗಿಯೇ ಹೊಳೆಯುತ್ತದೆ.

ಸುಧಾರಣೆಯ ಯೋಜನೆ ಆರಂಭವಾಗುವುದು ಇಲ್ಲಿಂದ. ನಾವು ಸಾಮಾನ್ಯವಾಗಿ ಸುಧಾರಣೆಯೆಂದರೆ ಏನೆಂದುಕೊಳ್ಳುತ್ತೇವೆ? ಕಣ್ಣಿಗೆ ಬಿದ್ದ ಯಂತ್ರವನ್ನು ಚುರುಕುಗೊಳಿಸುವುದು, ಹಳೆಯದನ್ನು ಮಾರಿ ಹೊಸದನ್ನು ತರುವುದು, ಮಂದಗತಿಯವನನ್ನು ಗದರುವುದು. ರಾಥರ್ ಮತ್ತು ಶುಕ್ ಹೇಳುವ ಕ್ರಮ ಬೇರೆ. ಮೊದಲು, ಈ ಹರಿವು ಮುಂದೆ ಹೇಗಿರಬೇಕೆಂಬ ಎರಡನೆಯ ನಕ್ಷೆಯನ್ನು ಬರೆಯಬೇಕು. ಅದನ್ನು ಬರೆಯಲು ಅವರು ಎಂಟು ಪ್ರಶ್ನೆಗಳನ್ನು ಕೊಡುತ್ತಾರೆ. ಯಾವ ಯಂತ್ರವನ್ನು, ಯಾವ ಕೆಲಸವನ್ನು ಸುಧಾರಿಸಬೇಕು ಎಂಬುದು ಅವುಗಳಲ್ಲಿ ಎಂಟನೆಯದು, ಕಟ್ಟಕಡೆಯದು. ಈ ವಿದ್ಯೆಯ ಜೀವವಿರುವುದು ಆ ಕ್ರಮದಲ್ಲೇ ಎಂದು ನನ್ನ ಭಾವನೆ. ನಕ್ಷೆ ಬರೆಯುವುದನ್ನು ಎರಡು ದಿನದ ತರಬೇತಿಯಲ್ಲಿ ಕಲಿಸಿಬಿಡುತ್ತಾರೆ. ಎಂಟನೆಯ ಪ್ರಶ್ನೆಯನ್ನು ಎಂಟನೆಯದಾಗಿ ಕೇಳುವ ತಾಳ್ಮೆಯನ್ನು ಕಲಿಸುವುದು ಕಷ್ಟ.

ತಾಳ್ಮೆಯೆಂದೆ, ಮೊದಲ ಪ್ರಶ್ನೆಯೇ ತಾಳವನ್ನು ಕುರಿತದ್ದು. ಜರ್ಮನ್ ಭಾಷೆಯಲ್ಲಿ 'ಟಾಕ್ಟ್' ಎಂದರೆ ಸಂಗೀತದ ತಾಳ. ಗಿರಾಕಿ ಎಷ್ಟು ಹೊತ್ತಿಗೊಂದು ಸರಕನ್ನು ಕೇಳುತ್ತಾನೋ ಅದು ಕಾರ್ಖಾನೆಯ ತಾಳ. ಬ್ರಾಕೆಟ್ಟಿನ ಉದಾಹರಣೆಯಲ್ಲಿ ಪಾಳಿಗೆ 460 ನಿಮಿಷ ದುಡಿಮೆ, ಪಾಳಿಗೆ 460 ಬ್ರಾಕೆಟ್ಟು ಬೇಡಿಕೆ. ಆದ್ದರಿಂದ ತಾಳ 60 ಸೆಕೆಂಡು. ಹಾಡುಗಾರನಿಗೆ ಎಷ್ಟೇ ವೇಗದ ಬಿರ್ಕಾ ಬರಲಿ, ತಾಳವನ್ನು ಮೀರಿ ಓಡಿದರೆ ಕಚೇರಿ ಕೆಡುತ್ತದೆ. ಸೆಕೆಂಡಿಗೊಂದರಂತೆ ಒತ್ತಬಲ್ಲ ಪ್ರೆಸ್ಸು ನಮ್ಮ ಕಣ್ಣಿಗೆ ವೀರನಂತೆ ಕಂಡರೂ ರಾಶಿಗಳಲ್ಲೆಲ್ಲ ಅತಿ ದೊಡ್ಡದು ಬಿದ್ದಿರುವುದು ಅದರ ಮುಂದೆಯೇ.

ಆಮೇಲಿನ ಪ್ರಶ್ನೆಗಳು ಒಂದರಿಂದೊಂದು ಹುಟ್ಟುತ್ತವೆ. ಯಾವ ಕೆಲಸಗಳನ್ನು ಒತ್ತೊತ್ತಿಗೆ ಇಟ್ಟು, ನಡುವೆ ರಾಶಿಯಿಲ್ಲದಂತೆ ಕೈಯಿಂದ ಕೈಗೆ ದಾಟಿಸಬಹುದು? ಹಾಗೆ ಸೇರಿಸಲಾಗದ ಕಡೆ, ಓನೋ ಕಂಡ ಅಂಗಡಿಯ ಹಲಗೆಯಂತೆ, ಇಷ್ಟೇ ಎಂದು ಮಿತಿಯಿಟ್ಟ ಸಣ್ಣ ದಾಸ್ತಾನನ್ನು ಎಲ್ಲಿ ಇಡಬೇಕು? ಎಲ್ಲರಿಗೂ ಬೇರೆ ಬೇರೆ ಆಜ್ಞೆ ಕಳಿಸುವ ಬದಲು, ಯಾವ ಒಂದೇ ಸ್ಥಳಕ್ಕೆ ಆಜ್ಞೆ ಕೊಟ್ಟರೆ ಉಳಿದವರು ಅದನ್ನು ನೋಡಿಕೊಂಡು ನಡೆದಾರು? ಮೇಳದಲ್ಲಿ ಮೃದಂಗದವನಿಗೆ ಇರುವ ಸ್ಥಾನ ಅದು. ಪುಸ್ತಕದ ಉದಾಹರಣೆಯಲ್ಲಿ ಎರಡು ಬೆಸುಗೆ, ಎರಡು ಜೋಡಣೆಗಳನ್ನು ಒಂದೇ ಕಡೆ ಸೇರಿಸುತ್ತಾರೆ, ಅಲ್ಲಿಗೊಂದೇ ಆಜ್ಞೆ. ಅದೂ ವಾರಕ್ಕೊಮ್ಮೆಯಲ್ಲ, ಇಪ್ಪತ್ತು ಬ್ರಾಕೆಟ್ಟಿನ ಒಂದು ಟ್ರೇ, ಇಪ್ಪತ್ತು ನಿಮಿಷಕ್ಕೊಮ್ಮೆ.

ಇಷ್ಟೂ ಆದಮೇಲೆ ಎಂಟನೆಯ ಪ್ರಶ್ನೆ ಕೇಳಿದರೆ ಉತ್ತರ ತೀರ ಬೇರೆಯಾಗಿ ಬರುತ್ತದೆ. ಪ್ರೆಸ್ಸನ್ನು ಇನ್ನೂ ವೇಗವಾಗಿ ಒತ್ತಿಸುವುದು ಯಾರಿಗೂ ಬೇಡ. ಬೇಕಾದದ್ದು ಎಡಗೈ ಬಗೆಯಿಂದ ಬಲಗೈ ಬಗೆಗೆ ಅಚ್ಚು ಬದಲಾಯಿಸಲು ಹಿಡಿಯುತ್ತಿದ್ದ ಒಂದು ಗಂಟೆಯನ್ನು ಹತ್ತು ನಿಮಿಷದೊಳಕ್ಕೆ ತರುವುದು. ಐದರಲ್ಲೊಂದು ಪಾಲು ಕಾಲ ಕೆಟ್ಟು ನಿಲ್ಲುವ ಎರಡನೆಯ ಬೆಸುಗೆ ಯಂತ್ರವನ್ನು ನಂಬುವಂತೆ ಮಾಡುವುದು. ಒಟ್ಟಾಗಿ 187 ಸೆಕೆಂಡು ಹಿಡಿಯುವ ನಾಲ್ಕು ಕೆಲಸಗಳನ್ನು 168ಕ್ಕೆ ಇಳಿಸುವುದು. ಹೀಗೆ ಮಾಡಿದರೆ 23.6 ದಿನ 4.5 ದಿನಕ್ಕೆ ಇಳಿಯುತ್ತದೆಂದು ಪುಸ್ತಕದ ಲೆಕ್ಕ. ಕೆಲಸದ ಕಾಲದಲ್ಲಿ ಉಳಿದದ್ದು ಸೆಕೆಂಡುಗಳು. ಕಾಯುವ ಕಾಲದಲ್ಲಿ ಉಳಿದದ್ದು ವಾರಗಳು.

ಅಚ್ಚು ಬದಲಾಯಿಸುವುದಕ್ಕೂ ರಾಶಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಮನೆಯಲ್ಲಿ ದೋಸೆಗೆ ರುಬ್ಬುವವರನ್ನು ಕೇಳಿ ನೋಡಿ. ಒರಳು ತೊಳೆಯುವ ಕಷ್ಟವಿದ್ದಾಗ ದಿನಕ್ಕಿಷ್ಟು ರುಬ್ಬುವವರು ಯಾರು? ಹೇಗೂ ತೊಳೆಯಬೇಕಲ್ಲ ಎಂದು ನಾಲ್ಕು ದಿನದ್ದನ್ನು ಒಟ್ಟಿಗೆ ರುಬ್ಬಿಡುತ್ತಾರೆ; ಮೂರನೆಯ ದಿನಕ್ಕೆ ಹಿಟ್ಟು ಹುಳಿ. ಹಿಟ್ಟು ಹುಳಿಯಾದದ್ದು ರುಬ್ಬುವ ವೇಗ ಸಾಲದ್ದರಿಂದಲ್ಲ, ತೊಳೆಯುವುದು ಕಷ್ಟವಾದ್ದರಿಂದ. ಅಚ್ಚು ಬದಲಿಸಲು ಒಂದು ಗಂಟೆ ಹಿಡಿಯುವ ಪ್ರೆಸ್ಸಿನವನೂ ಒಮ್ಮೆ ಕೂಡಿಸಿದ ಅಚ್ಚಿನಲ್ಲಿ ಎರಡು ವಾರದ ಸರಕನ್ನು ಒತ್ತಿಬಿಡುತ್ತಾನೆ. ಟೊಯೋಟಾದಲ್ಲಿ ಶಿಗೆಯೋ ಶಿಂಗೋ ಎಂಬ ತಜ್ಞ ದೊಡ್ಡ ಪ್ರೆಸ್ಸೊಂದರ ಅಚ್ಚು ಬದಲಿಸುವ ನಾಲ್ಕು ಗಂಟೆಯ ಕೆಲಸವನ್ನು ಮೂರು ನಿಮಿಷಕ್ಕೆ ತಂದದ್ದು ಈ ಕ್ಷೇತ್ರದಲ್ಲಿ ಪುರಾಣದಷ್ಟೇ ಪ್ರಸಿದ್ಧ.

ಈಗ ನನ್ನ ಕತೆಗೆ ಬರುತ್ತೇನೆ. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆ ಹುಟ್ಟಿ, 1999ರ ಕೊನೆಗೆ ಬೆಂಗಳೂರಿನ ಬದಿಯ ಬಿಡದಿಯಲ್ಲಿ ವಾಹನಗಳು ತಯಾರಾಗತೊಡಗಿದ ಮೇಲೆ, ಮುದ, ಕಾನ್‌ಬಾನ್ ಮುಂತಾದ ಮಾತುಗಳು ನಮ್ಮ ಪೀಣ್ಯದ ಸಣ್ಣ ಕಾರ್ಖಾನೆಗಳ ಕ್ಯಾಂಟೀನಿನಲ್ಲೂ ಕೇಳಿಬರುತ್ತಿದ್ದವು. ನಾನು ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ನೀರೆತ್ತುವ ಪಂಪುಗಳಿಗೆ ಎರಕದ ಮುಚ್ಚಳಗಳನ್ನು ಮಾಡುತ್ತಿದ್ದೆವು. ಎರಕ ಬರುತ್ತಿದ್ದುದು ಬೆಳಗಾವಿಯಿಂದ. ಅದನ್ನು ಲೇತಿನಲ್ಲಿ ತಿರುವಿ, ತೂತು ಕೊರೆದು, ಮುಖ ಉಜ್ಜಿ, ತೊಳೆದು ಪರೀಕ್ಷಿಸಿ, ಬಣ್ಣ ಹಚ್ಚಿ ಕಳಿಸುವುದು. ನಾನು ಯೋಜನಾ ವಿಭಾಗದವನು. ವಾರಕ್ಕೊಮ್ಮೆ ಒಂದೊಂದು ವಿಭಾಗಕ್ಕೂ ಚೀಟಿ ಬರೆದು ಕಳಿಸುವುದು ನನ್ನ ಕೆಲಸ.

ಗಿರಾಕಿಗಳಿಂದ ದೂರುಗಳು ಬರುತ್ತಿದ್ದವು. ಕೇಳಿದ ಅಳತೆಯ ಮುಚ್ಚಳ ಹೇಳಿದ ದಿನಕ್ಕೆ ಹೋಗುತ್ತಿರಲಿಲ್ಲ. ನಾನು ಲೆಕ್ಕ ಹಾಕಿ ನೋಡಿದೆ: ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಲೇತು, ಒಂದಕ್ಕೆ 4 ನಿಮಿಷ. ಗಣಕಯಂತ್ರದಿಂದ ನಡೆಯುವ ಹೊಸ ಲೇತನ್ನು ತಂದರೆ ಎರಡೂವರೆ ನಿಮಿಷಕ್ಕೆ ಇಳಿಯುತ್ತದೆ. ಹಲವು ಲಕ್ಷದ ಆ ಲೇತನ್ನು ಕೊಳ್ಳಬೇಕೆಂದು ಆರು ಪುಟದ ಟಿಪ್ಪಣಿ ಬರೆದು, ರೇಖಾಚಿತ್ರಗಳನ್ನು ಲಗತ್ತಿಸಿ ಮೇಲಧಿಕಾರಿಗಳಿಗೆ ಕೊಟ್ಟೆ. ಬರವಣಿಗೆ ಚೆನ್ನಾಗಿದೆಯೆಂದು ಅವರು ಮೆಚ್ಚಿದರು. ಅಷ್ಟರಲ್ಲಿ, 2004ರ ಜನವರಿಯಲ್ಲಿ, ಈ ನಕ್ಷೆಯ ತರಬೇತಿ ಪಡೆದು ಬಂದಿದ್ದ ಕಿರಿಯ ಸಹೋದ್ಯೋಗಿಯೊಬ್ಬ, "ಸಾರ್, ಕೊಳ್ಳೋದಕ್ಕೆ ಮುಂಚೆ ಒಂದು ಸಲ ನಡೆದು ನೋಡೋಣವೇ?" ಎಂದ. ನಡೆಯುವುದಕ್ಕೆ ಖರ್ಚೇನೂ ಇರಲಿಲ್ಲವಾದ್ದರಿಂದ ಒಪ್ಪಿದೆ.

ಸರಕು ಹೊರಡುವ ಬಾಗಿಲಿನಿಂದ ತೊಡಗಿ ಹಿಂದಕ್ಕೆ ನಡೆಯಬೇಕೆಂಬುದು ನಿಯಮ. ಬಣ್ಣದ ಮನೆಯಿಂದ ಹಿಂದಕ್ಕೆ, ಉಜ್ಜುವ ಯಂತ್ರ ದಾಟಿ, ತೂತು ಕೊರೆಯುವ ಯಂತ್ರದ ಬಳಿಗೆ ಬಂದೆವು. ಅದರ ಮುಂದೆ ಆಳೆತ್ತರದ ಟ್ರೇಗಳು. ಇಪ್ಪತ್ತು ವರ್ಷ ದಿನವೂ ಆ ಟ್ರೇಗಳ ಪಕ್ಕದಲ್ಲೇ ಹಾದುಹೋಗಿದ್ದೆ, ಎಂದೂ ಎಣಿಸಿರಲಿಲ್ಲ. ನಾವು ಎಣಿಸುತ್ತಿರುವುದನ್ನು ಕಂಡು ಹಿರಿಯ ಲೇತುಗಾರರೊಬ್ಬರು ಕೈ ಒರೆಸಿಕೊಳ್ಳುತ್ತ ಬಂದರು. ಟ್ರೇಯ ಅಂಚಿನಲ್ಲಿ ಸೀಮೆಸುಣ್ಣದಿಂದ ಬರೆದಿದ್ದ ತಾರೀಖನ್ನು ತೋರಿಸಿ, "ಇದು ದೀಪಾವಳಿಗೆ ಮುಂಚೆ ನಾನು ತಿರುವಿದ್ದು ಸಾರ್, ಅಡಿಯಲ್ಲಿರೋದು ಇನ್ನೂ ಹಳೇದು" ಎಂದರು.

"ಮತ್ತೆ ಯಾಕೆ ಮೇಲೆ ಮೇಲೆ ಮಾಡ್ತಾ ಹೋದ್ರಿ? ಮುಂದೆ ಹೋಗದೆ ಇರೋದು ಕಾಣ್ತಿತ್ತಲ್ಲ?"

"ನೀವೇ ಚೀಟಿ ಕಳಿಸ್ತಿದ್ರಲ್ಲ ಸಾರ್."

ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದರು, ಅಷ್ಟೆ. ಹೆಚ್ಚು ತಿರುವಿದವರಿಗೆ ಹೆಚ್ಚು ಭತ್ಯೆ ಎಂಬ ನಿಯಮವೂ ನಮ್ಮಲ್ಲಿತ್ತು. ಅದನ್ನು ಅವರು ಹೇಳಲಿಲ್ಲ.

ಆ ಸಂಜೆ ಹಾಳೆ ತುಂಬಿದ ಮೇಲೆ ನೋಡಿದರೆ, ಒಂದು ಮುಚ್ಚಳದ ಮೇಲೆ ನಡೆಯುವ ಕೆಲಸ ಒಟ್ಟು 14 ನಿಮಿಷ. ಅದು ನಮ್ಮ ಆವರಣದಲ್ಲಿ ಇರುತ್ತಿದ್ದುದು, ಸರಾಸರಿಯಲ್ಲಿ, 31 ದಿನ. ಗಿರಾಕಿಯ ಬೇಡಿಕೆ ದಿನಕ್ಕೆ 90, ದುಡಿಮೆಯ ಕಾಲ 450 ನಿಮಿಷ. ತಾಳ 5 ನಿಮಿಷ. ನಾನು ನಿಧಾನವೆಂದು ದೂರಿದ್ದ ಲೇತು 4 ನಿಮಿಷಕ್ಕೊಂದು ಕೊಡುತ್ತಿತ್ತು. ಅದು ತಾಳಕ್ಕಿಂತ ಮುಂದೆಯೇ ಇತ್ತು! ನನ್ನ ಆರು ಪುಟದ ಟಿಪ್ಪಣಿ ನೆರವೇರಿದ್ದರೆ 31 ದಿನದಲ್ಲಿ ಒಂದೂವರೆ ನಿಮಿಷ ಉಳಿಯುತ್ತಿತ್ತು; ಅದೂ ಕೂಡ ತೂತು ಕೊರೆಯುವ ಯಂತ್ರದ ಮುಂದಿನ ಟ್ರೇಗಳನ್ನು ಇನ್ನಷ್ಟು ಎತ್ತರಿಸುವುದಕ್ಕೆ. ಕೊರೆಯುವ ಯಂತ್ರದಲ್ಲಿ ಒಂದು ಅಳತೆಯಿಂದ ಇನ್ನೊಂದು ಅಳತೆಗೆ ಹಿಡಿಕೆ ಬದಲಿಸಲು 50 ನಿಮಿಷ ಹಿಡಿಯುತ್ತಿತ್ತು. ಹೀಗಾಗಿ ಆತ ಒಂದೇ ಅಳತೆಯನ್ನು ದಿನಗಟ್ಟಲೆ ಕೊರೆಯುತ್ತಿದ್ದ. ತಿಂಗಳ ದಾಸ್ತಾನು ಕೊಳೆಯುತ್ತಿದ್ದರೂ ಗಿರಾಕಿ ಕೇಳಿದ ಅಳತೆ ಮಾತ್ರ ಅದರಲ್ಲಿರುತ್ತಿರಲಿಲ್ಲ.

ಟಿಪ್ಪಣಿಯನ್ನು ಹಿಂದಕ್ಕೆ ಪಡೆಯುವುದು ಬರೆದಷ್ಟು ಸುಲಭವಾಗಿರಲಿಲ್ಲ. ಮೆಚ್ಚಿದವರ ಮುಂದೆ ಹೋಗಿ, ನಾನು ಬರೆದದ್ದು ತಪ್ಪು, ಅದಕ್ಕಿಂತ ಹೆಚ್ಚಾಗಿ ಇಷ್ಟು ವರ್ಷ ನಾನು ಕಳಿಸುತ್ತಿದ್ದ ಚೀಟಿಯೇ ತಪ್ಪು ಎಂದು ಹೇಳಬೇಕಾಗಿತ್ತು. ನಕ್ಷೆಯನ್ನು ಮೇಜಿನ ಮೇಲೆ ಹರಡಿ ಹೇಳಿದೆ. ಅವರು ಬಹಳ ಹೊತ್ತು ನೋಡಿ, ಲೇತಿನ ವಿಷಯವನ್ನು ಮತ್ತೆ ಎತ್ತಲಿಲ್ಲ.

ಮುಂದಿನ ವರ್ಷಕ್ಕೆ ಯೋಜನೆ ಹಾಕಿದೆವು. ಮೊದಲ ಮೂರು ತಿಂಗಳು ಹಿಡಿಕೆ ಬದಲಿಸುವ ಕೆಲಸಕ್ಕೆ ಮಾತ್ರ. ಬೋಲ್ಟುಗಳ ಬದಲು ತಟ್ಟನೆ ಕಚ್ಚಿಕೊಳ್ಳುವ ಹಿಡಿಗಳನ್ನು ಮಾಡಿಸಿ, ಬೇಕಾದ ಸಲಕರಣೆಯನ್ನು ಮೊದಲೇ ಪಕ್ಕಕ್ಕೆ ತಂದಿಡುವ ರೂಢಿ ಮಾಡಿ 50 ನಿಮಿಷವನ್ನು 12ಕ್ಕೆ ತಂದೆವು. ಇದರಲ್ಲಿ ನಮ್ಮ ಎಂಜಿನಿಯರುಗಳಿಗಿಂತ ಆ ಯಂತ್ರದವನ ಬುದ್ಧಿಯೇ ಹೆಚ್ಚು ಕೆಲಸ ಮಾಡಿತು. ಆಮೇಲೆ ಲೇತು, ಕೊರೆಯುವುದು, ಉಜ್ಜುವುದು ಮೂರನ್ನೂ ಒಂದೆಡೆ ಸೇರಿಸಿದೆವು. ನನ್ನ ವಾರದ ಚೀಟಿಗಳು ನಿಂತವು. ಭತ್ಯೆಯ ನಿಯಮ ಬದಲಾಯಿತು, ಅದಕ್ಕೆ ಮಾತ್ರ ಸಂಘದವರೊಡನೆ ಆರು ತಿಂಗಳ ಮಾತುಕತೆ ಬೇಕಾಯಿತು. ಒಂದೂವರೆ ವರ್ಷದಲ್ಲಿ 31 ದಿನ 7 ದಿನವಾಯಿತು.

ರಾಶಿಯೆಲ್ಲ ದಂಡವೆಂದು ನಾನು ಹೇಳುತ್ತಿಲ್ಲ. 1997ರ ಫೆಬ್ರುವರಿ 1ರಂದು ಜಪಾನಿನಲ್ಲಿ ಟೊಯೋಟಾಕ್ಕೆ ಬ್ರೇಕಿನ ಒಂದು ಸಣ್ಣ ಕವಾಟವನ್ನು ಮಾಡಿಕೊಡುತ್ತಿದ್ದ ಐಸಿನ್ ಕಾರ್ಖಾನೆಗೆ ಬೆಂಕಿ ಬಿತ್ತು. ಕೈಯಲ್ಲಿದ್ದ ದಾಸ್ತಾನು ಬಲು ಕಡಮೆ. ಟೊಯೋಟಾದ ಕಾರ್ಖಾನೆಗಳು ಕೆಲವು ದಿನ ನಿಲ್ಲಬೇಕಾಯಿತು. 2011ರ ಭೂಕಂಪದ ತರುವಾಯ ಅವರೇ ಚಿಪ್ಪುಗಳಂಥ ಕೆಲವು ಭಾಗಗಳನ್ನು ತಿಂಗಳುಗಟ್ಟಲೆ ಕೂಡಿಡುವಂತೆ ಪೂರೈಸುವವರಿಗೆ ಹೇಳಿದರು. ಆಪತ್ತಿಗೆಂದು ತಿಳಿದು ಇಟ್ಟ ರಾಶಿ ಬೇರೆ, ತಿಳಿಯದೆ ಬಿದ್ದ ರಾಶಿ ಬೇರೆ. ನಕ್ಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಗುರುತು ಹಾಕಬೇಕು.

ಇನ್ನೊಂದು ಸಂಗತಿಗೆ ನಕ್ಷೆಯಲ್ಲಿ ಗುರುತೇ ಇರಲಿಲ್ಲ. ನಮ್ಮಲ್ಲಿ ಟ್ರೇಗಳನ್ನು ಅತ್ತಿಂದಿತ್ತ ಎಳೆಯುವವರು ಇಬ್ಬರಿದ್ದರು. ರಾಶಿ ಕರಗಿದಂತೆ ಅವರ ಕೆಲಸವೂ ಕರಗಿತು. ಒಬ್ಬನಿಗೆ ಹೊತ್ತು ಹೊತ್ತಿಗೆ ಸುತ್ತು ಹೋಗಿ ಚೀಟಿ ತಂದು ಸರಕು ಕೊಡುವ ಹೊಸ ಕೆಲಸ ಸಿಕ್ಕಿತು. ಈ ವ್ಯವಸ್ಥೆಯಲ್ಲಿ ಅದು ಹಿರಿದಾದ ಕೆಲಸವೇ, ತಾಳ ಹಾಕುವವನು ಅವನೇ. ಇನ್ನೊಬ್ಬ ಗುತ್ತಿಗೆಯವನು. ಯಾರನ್ನೂ ತೆಗೆಯುವುದಿಲ್ಲವೆಂದು ನಾವು ಮೊದಲೇ ಮಾತು ಕೊಟ್ಟಿದ್ದೆವು. ಗುತ್ತಿಗೆ ಮುಗಿದಾಗ ಅದನ್ನು ಮುಂದುವರಿಸಲಿಲ್ಲ. ತೆಗೆದದ್ದಲ್ಲ, ಮುಗಿದದ್ದು ಎಂದು ಕಾಗದದಲ್ಲಿ ಬರೆದೆವು. ಆ ಕಾಗದಕ್ಕೆ ನನ್ನ ಸಹಿಯೂ ಇದೆ.

ಮರುವರ್ಷ ಬೆಳಗಾವಿಗೆ ಹೋಗುವ ಸಂದರ್ಭ ಬಂತು. ಎರಕದ ಮನೆಯ ಯಜಮಾನರು ಚಹಾ ಕುಡಿಸಿ, ಹಿತ್ತಲಿಗೆ ಕರೆದುಕೊಂಡು ಹೋದರು. ತಗಡಿನ ಚಪ್ಪರದ ಕೆಳಗೆ ನಮ್ಮ ಮುಚ್ಚಳಗಳು, ಅಳತೆ ಅಳತೆಗೊಂದು ಗುಡ್ಡ. ಮೊದಲು ತಿಂಗಳಿಗೊಮ್ಮೆ ಲಾರಿ ತುಂಬ ತರಿಸಿಕೊಳ್ಳುತ್ತಿದ್ದ ನಾವು ಈಗ ವಾರಕ್ಕೆರಡು ಸಲ ಸ್ವಲ್ಪ ಸ್ವಲ್ಪ ಕೇಳುತ್ತಿದ್ದೆವು. ಅವರ ಕುಲುಮೆಯಾದರೋ ಮೊದಲಿನಂತೆಯೇ ಒಮ್ಮೆ ಹೊತ್ತಿಸಿದರೆ ತಿಂಗಳದ್ದನ್ನು ಸುರಿಯುತ್ತಿತ್ತು.

"ನಿಮ್ಮ ಢಿಗ ಎಲ್ಲೂ ಹೋಗಿಲ್ರೀ ಸಾಹೇಬ್ರ," ಎಂದರು ಅವರು ನಗುತ್ತ, "ಇಲ್ಲೇ ಬಿದ್ದೈತಿ ನೋಡ್ರಿ."

ಎಣಿಸಿದೆ. 26 ದಿನದ ರಾಶಿ ಇತ್ತು. ಚೀಲದಿಂದ ಹಾಳೆ ತೆಗೆದು, ಎಡತುದಿಯಲ್ಲಿ ಬರೆದಿದ್ದ ವರ್ತಕನ ಗುರುತನ್ನು ಅಳಿಸಿ, ಆ ಜಾಗದಲ್ಲಿ ಕುಲುಮೆಗೊಂದು ಪೆಟ್ಟಿಗೆ ಬರೆಯಲು ಅವರಿಂದ ಲೆಕ್ಕ ಕೇಳತೊಡಗಿದೆ.